ಕುರ್ಚಿಯಲ್ಲಿ ಕೂತವರು ಹೇಳಿದ ಮದ್ದು

ಎಂಟು ತಿಂಗಳಿಂದ ನನಗೆ ಬೆಳಿಗ್ಗೆ ಎಚ್ಚರವಾಗುವುದು ನನ್ನ ಗಂಡ ಮೊದಲ ಹೆಜ್ಜೆ ಇಟ್ಟು "ಅಯ್ಯಮ್ಮಾ" ಅಂದಾಗಲೇ. ಎಡಗಾಲಿನ ಹಿಮ್ಮಡಿ ನೋವು. ಗೋಡೆ ಹಿಡಿದು, ಕಪಾಟು ಹಿಡಿದು, ಬಾಗಿಲು ಹಿಡಿದು ಬಚ್ಚಲು ಸೇರುವಷ್ಟರಲ್ಲಿ ಮುಖವೆಲ್ಲ ಬೆವರು. ಸ್ವಲ್ಪ ಓಡಾಡಿದ ಮೇಲೆ ನೋವು ಕಮ್ಮಿಯಾಗುತ್ತದೆ, "ಈಗ ಪರವಾಗಿಲ್ಲ" ಅನ್ನುತ್ತಾರೆ. ಈ "ಪರವಾಗಿಲ್ಲ" ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ.

ಅವರದು ಕಟಿಂಗ್ ಶಾಪ್. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಇಪ್ಪತ್ತಾರು ವರ್ಷದಿಂದ ಆ ಕುರ್ಚಿಯ ಸುತ್ತ ಸುತ್ತುತ್ತಿದ್ದಾರೆ. ಕೂದಲು ಕತ್ತರಿಸುವುದರ ಜೊತೆಗೆ ಇನ್ನೊಂದು ಅಭ್ಯಾಸ ಅವರಿಗೆ ರಕ್ತದಲ್ಲೇ ಬಂದುಬಿಟ್ಟಿದೆ. ಕುರ್ಚಿಯಲ್ಲಿ ಕೂತವರಿಗೆ ಎದುರಾಡುವುದಿಲ್ಲ. ಮಳೆ ಬರಲ್ಲ ಅಂದರೆ ಹೂಂ, ಬಂದೇ ಬರುತ್ತೆ ಅಂದರೆ ಅದಕ್ಕೂ ಹೂಂ. ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟುಕೊಂಡು ವಾದ ಮಾಡಬಾರದಂತೆ. ಅಲ್ಲಿಗೇ ಬಿಟ್ಟಿದ್ದರೆ ನನ್ನ ತಕರಾರಿಲ್ಲ. ಈ ಮಹಾರಾಯರು ಗಿರಾಕಿಗಳು ಹೇಳಿದ್ದನ್ನೆಲ್ಲ ಮನೆಗೆ ಬಂದು ಮಾಡುತ್ತಾರೆ.

"ಒಬ್ಬ ಗಿರಾಕಿ ಹೇಳಿದ್ರು" ಅಂತ ಮಾತು ಶುರುವಾದರೆ ನನ್ನ ಎದೆ ಧಸಕ್ಕನ್ನುತ್ತದೆ. ಬಸ್ ಡ್ರೈವರ್ ಹೇಳಿದರು ಅಂತ ಇಟ್ಟಿಗೆ ಕಾಯಿಸಿ ಅದರ ಮೇಲೆ ಕಾಲಿಟ್ಟರು, ಬೊಬ್ಬೆ ಎದ್ದಿತು. ಬ್ಯಾಂಕಿನವರು ಹೇಳಿದರು ಅಂತ ಬದನೆಕಾಯಿ ಬಿಟ್ಟರು. ರಿಟೈರ್ ಆದ ಪೊಲೀಸರೊಬ್ಬರು, ಓಡಿದರೆ ಸಡಿಲ ಆಗುತ್ತೆ ಅಂದರಂತೆ. ಮೈದಾನದಲ್ಲಿ ಎರಡು ಸುತ್ತು ಓಡಿದರು, ಆಟೋದಲ್ಲಿ ಮನೆಗೆ ಬಂದರು.

ಕೊನೆಗೆ ನಾನೇ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಫಿಸಿಯೋಥೆರಪಿಯ ಮೇಡಂ ಅಂಗಾಲು ಒತ್ತಿ ನೋಡಿ, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಚರ್ಮದ ಒಳಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ, ನಿಂತೂ ನಿಂತೂ ಅದಕ್ಕೆ ಪೆಟ್ಟಾಗಿದೆ ಅಂದರು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲು ಚಾಚಿ, ಪಾದಕ್ಕೆ ಟವೆಲ್ ಹಾಕಿ ಮೈ ಕಡೆ ಎಳೆದು ಮೂವತ್ತು ಎಣಿಸಬೇಕು. ಹೀಗೆ ಮೂರು ಸಲ. ತೆಳ್ಳನೆ ಚಪ್ಪಲಿ ಬಿಟ್ಟು ಮೆತ್ತನೆ ಅಟ್ಟೆಯದು ಹಾಕಬೇಕು.

"ತಿಂಗಳುಗಟ್ಟಲೆ ಹಿಡಿಯುತ್ತೆ, ಬೇಜಾರು ಮಾಡ್ಕೊಂಡು ಬಿಡಬೇಡಿ. ಬಹಳ ಜನಕ್ಕೆ ಇದರಲ್ಲೇ ವಾಸಿಯಾಗುತ್ತೆ" ಅಂದರು.

ಇವರು ಎರಡು ದಿನ ಮಾಡಿದರು. ಮೂರನೇ ದಿನ ಟವೆಲ್ ಮತ್ತೆ ಬಚ್ಚಲಿನ ಗೂಟ ಸೇರಿತು.

"ಟವೆಲ್ ಎಳೆದ್ರೆ ಹೋಗೋ ನೋವಾ ಇದು?" ಅಂದರು.

"ಮತ್ತೆ ಬದನೆಕಾಯಿ ಬಿಟ್ರೆ ಹೋಗೋ ನೋವಾ?"

ಒಂದು ತಿಂಗಳು ದಿನಾ ಹೇಳಿದೆ. ರೇಗಿದೆ, ಬೇಡಿಕೊಂಡೆ, ಮಾತು ಬಿಟ್ಟೆ. ಮಾತು ಬಿಟ್ಟಿದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಹೋದ ವಾರ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಹೇಳಿದರು.

"ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಿಬಿಡ್ತೀನಿ. ನಿಲ್ಲೋಕಾಗ್ತಿಲ್ಲ. ಕುರ್ಚಿ ಬೇಕು ಅಂತ ಒಬ್ಬರು ಕೇಳಿದಾರೆ."

ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಭಯವಾಯಿತು. ರಜೆಯ ದಿನ ಕೈ ಸುಮ್ಮನಿರಲಾರದೆ ಪರದೆಯ ಅಂಚಿನ ನೂಲು ಕತ್ತರಿಸುವ ಮನುಷ್ಯ ಇವರು. ಅಂಗಡಿ ಹೋದರೆ ಇವರನ್ನು ಮನೆಯಲ್ಲಿ ನೋಡುವುದು ನನ್ನಿಂದಾಗದು.

ನಿನ್ನೆ ಮಧ್ಯಾಹ್ನ ಅಂಗಡಿಗೆ ಹೋದೆ. ಬೆಂಚು ಖಾಲಿ ಇತ್ತು. ಇವರು ಒಂಟಿ ಕಾಲಿನ ಮೇಲೆ ಭಾರ ಹಾಕಿ ಕತ್ತರಿ ಒರೆಸುತ್ತಿದ್ದರು. ನಾನು ಸೀದಾ ಹೋಗಿ ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಅದೇ ಮೊದಲು.

"ಏನಿದು?"

"ತುದಿ ಸೀಳಿದೆ. ಒಂದಿಂಚು ತೆಗೀರಿ."

ಬಟ್ಟೆ ಕೊಡವಿ ನನ್ನ ಕುತ್ತಿಗೆಗೆ ಕಟ್ಟಿದರು. ಬಾಚಣಿಗೆ ಓಡಿತು, ಕತ್ತರಿ ಶುರುವಾಯಿತು. ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ ಹೇಳಿದೆ.

"ಕುಂಟ್ತಾ ಇದೀರಲ್ಲ, ಹಿಮ್ಮಡಿ ನೋವಾ?"

"ಹೂಂ."

"ಅದಕ್ಕೊಂದು ಮದ್ದು ನಂಗೊತ್ತು. ಬೆಳಿಗ್ಗೆ ಕಾಲು ನೆಲಕ್ಕಿಡೋ ಮುಂಚೆ ಟವೆಲ್ ಹಾಕಿ ಎಳೀಬೇಕು. ಮೂವತ್ತು ಎಣಿಸ್ಬೇಕು. ಮೂರು ಸಲ."

"ಹೂಂ."

"ಒಂದು ದಿನಾನೂ ಬಿಡಬಾರದು."

"ಹೂಂ."

"ಕುರ್ಚಿ ಕೊಡಬೇಡಿ" ಅಂದೆ.

ಕತ್ತರಿ ನಿಂತಿತು. ಇದಕ್ಕೆ ಮಾತ್ರ ಹೂಂ ಅನ್ನಲಿಲ್ಲ. ತಲೆ ತಗ್ಗಿಸಿ ನನ್ನ ಹೆಗಲ ಮೇಲಿನ ಕೂದಲನ್ನು ಒಂದೊಂದಾಗಿ ಕೊಡವಿದರು. ನಾನು ಎದ್ದು ಮನೆಗೆ ಬಂದೆ. ಆ ಕೊನೆಯ ಮಾತಾಡಿದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಇವತ್ತು ಬೆಳಿಗ್ಗೆ "ಅಯ್ಯಮ್ಮಾ" ಕೇಳಿಸಲಿಲ್ಲ. ಆದರೂ ಎಚ್ಚರವಾಯಿತು. ಇವರು ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಪಾದಕ್ಕೆ ಟವೆಲ್ ಹಾಕಿ ಎರಡೂ ಕೈಯಲ್ಲಿ ಎಳೆಯುತ್ತಾ ಮೆಲ್ಲಗೆ ಎಣಿಸುತ್ತಿದ್ದರು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು.

"ಏನ್ರೀ, ಇವತ್ತು ಜ್ಞಾನೋದಯ ಆಯ್ತಾ?" ಅಂದೆ.

ಮೂವತ್ತು ಮುಗಿಸಿ, ಟವೆಲ್ ಸಡಿಲ ಬಿಟ್ಟು, ನನ್ನ ಕಡೆ ತಿರುಗದೆಯೇ ಹೇಳಿದರು:

"ನಿನ್ನೆ ಒಬ್ಬ ಗಿರಾಕಿ ಹೇಳಿದ್ರು."