ಅಪ್ಪನ ಕಡೆಯ ಉಸಿರು

ಕಾಸರಗೋಡು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಮ್ಮದು ಅಳಿಯಕಟ್ಟಿನ ಕುಟುಂಬ. ಗದ್ದೆ, ಮನೆ, ದೈವ, ಸೂತಕ ಎಲ್ಲವೂ ತಾಯಿಯ ಕಡೆಯಿಂದಲೇ ಬರಬೇಕು. ರೋಗವೂ ಹಾಗೆಯೇ ಎಂದು ಪುತ್ತಿಗೆಯ ಮನೆಯ ಯಜಮಾನರಾದ ನನ್ನ ಸೋದರಮಾವ ನಂಬಿದ್ದರು. ತಾಯಿಯ ಕಡೆ ಯಾರಿಗೂ ದಮ್ಮು ಇರಲಿಲ್ಲ. ಆದ್ದರಿಂದ ನನಗೂ ಇಲ್ಲ! ಬೈಹುಲ್ಲು ಕೊಡಹುವಾಗ, ಭತ್ತ ತೂರುವಾಗ ನನ್ನ ಎದೆ ಸುಯ್ಯೆಂದು ಕೂಗಿದರೆ ಅದು ಕೆಲಸಗಳ್ಳತನ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ತಿರುಗಿ ಬೈಯಲು ಉಸಿರು ಮಾತ್ರ ಇರಲಿಲ್ಲ.

ಬೈಗುಳಕ್ಕಿಂತ ಹೆಚ್ಚು ಉರಿದದ್ದು ಬೇರೆ. ನೇಜಿ, ಎಂದರೆ ಭತ್ತದ ಸಸಿ, ನೆಡುವ ಹೆಂಗಸರಲ್ಲಿ ಒಬ್ಬಳು ಹಾಡು ಎತ್ತಿಕೊಡುತ್ತಾಳೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ ಆ ಜಾಗ ಖಾಲಿಯಿತ್ತು. ಹಾಡುಗಳೆಲ್ಲ ಬಾಯಿಪಾಠವಿದ್ದದ್ದು ನನಗೊಬ್ಬಳಿಗೆ. ಒಂದು ಬುಟ್ಟಿ ಭತ್ತ ತೂರಲಾರದವಳು ಹಾಡುತ್ತಾಳಂತೆ ಎಂದು ಮಾವ ನಕ್ಕರು.

ಆ ಬೇಸಗೆಯಲ್ಲಿ ಅಪ್ಪ ನನ್ನನ್ನು ಬೆಳ್ಳೂರಿಗೆ, ತನ್ನ ಅಕ್ಕನ ಮನೆಗೆ ಕರೆದೊಯ್ದರು. ಗುಡ್ಡ ಹತ್ತಿ ಬಂದ ನನ್ನ ಏದುಸಿರು ಕೇಳಿ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟರು. ಅವರ ಎದೆಯಲ್ಲೂ ಅದೇ ಸದ್ದು. ಅವರ ಅಪ್ಪನಿಗೂ ಇತ್ತಂತೆ. ಹುಲ್ಲಿನ ಧೂಳಿಗೆ ಹೋದರೆ ಏಳುತ್ತದೆ, ಹೋಗದಿದ್ದರೆ ಮಲಗಿರುತ್ತದೆ ಎಂದರು. ಆ ಊರಿನ ಗದ್ದೆಯಲ್ಲಿ ಹಾಡು ಎತ್ತಿಕೊಡುವವರು ಅವರೇ ಎಂದು ತಿಳಿದಾಗ ನನಗೆ ಕುಣಿಯಬೇಕೆನಿಸಿತು.

ಅತ್ತೆ ಸುಮ್ಮನೆ ಕೂರುವವರಲ್ಲ. ನನ್ನ ಜೊತೆಗೇ ಪುತ್ತಿಗೆಗೆ ಬಂದು ಮಾವನ ಎದುರು ನಿಂತರು.

"ಕುಟುಂಬ ತಾಯಿಯದ್ದು, ಒಪ್ಪಿದೆ. ಎದೆ ಅಪ್ಪನದ್ದು ಆಗಬಾರದು ಅಂತ ಎಲ್ಲಿ ಉಂಟು? ಅವಳನ್ನು ಧೂಳಿಗೆ ಕಳಿಸಬೇಡಿ. ಗದ್ದೆಗೆ ಇಳಿಸಿ, ಮತ್ತೆ ನೋಡಿ."

ಸರಿ, ನೋಡುವ ಎಂದರು ಮಾವ. ಅಂದಿನಿಂದ ಹುಲ್ಲಿನ ಕೆಲಸ ತಪ್ಪಿತು. ಮಳೆ ಹಿಡಿಯುವಷ್ಟರಲ್ಲಿ ಎದೆ ಹಗುರಾಗಿತ್ತು. ಕೆಸರಿಗಿಳಿದು, ಹೆದರುತ್ತಲೇ ಮೊದಲ ಸೊಲ್ಲು ಎತ್ತಿದೆ. ಹೆಂಗಸರು ಹಿಂದಿನಿಂದ ಹೇಳಿದರು. ಮತ್ತೊಂದು ಎತ್ತಿದೆ. ಮಧ್ಯಾಹ್ನದ ಗಂಜಿಯವರೆಗೂ ಉಸಿರು ಕಟ್ಟಲಿಲ್ಲ. ಗೆದ್ದೆ ಮಾರಾಯರೇ, ಗೆದ್ದೆ! ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತಿದ್ದ ಮಾವ ಊಟಕ್ಕೂ ಹೋಗಿರಲಿಲ್ಲ.

ಮರುವರ್ಷ ನನಗೆ ಸಂಬಂಧ ಕೇಳಿಕೊಂಡು ಬಂದವರು, ಹುಡುಗಿಯ ತಾಯಿಯ ಕಡೆ ಕಾಯಿಲೆ ಏನಾದರೂ ಉಂಟೋ ಎಂದು ವಿಚಾರಿಸಿದರು. ಇಲ್ಲ ಎಂದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಮಾವ ವೀಳ್ಯದ ಹರಿವಾಣ ಬದಿಗೆ ಸರಿಸಿದರು.

"ಅಪ್ಪನ ಕಡೆ ದಮ್ಮು ಉಂಟು, ಇವಳಿಗೂ ಉಂಟು. ನಾಳೆ ನಮ್ಮಲ್ಲಿ ನೇಜಿ, ಇವಳ ಹಾಡು ಕೇಳಿಕೊಂಡು ಹೋಗಿ. ಈಗ ಹೇಳಿ, ನಿಮ್ಮ ಹುಡುಗನ ಅಪ್ಪನ ಕಡೆ ಎಂತ ಉಂಟು?"