ಹೊಸತೊಡಕಿನ ದಿನ ಸೋತು ಎದ್ದೆ

೨೦೧೪ರ ಯುಗಾದಿ. ಜಯನಾಮ ಸಂವತ್ಸರ ಹುಟ್ಟಿದ ಮಾರನೆಯ ದಿನ ನಡೆದದ್ದು ಇದು. ಆಗ ನಾವು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೆವು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಂಡ ಆ ವಾರ ಆಫೀಸ್ ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಆರು ವರ್ಷದ ಮಗಳು ಧಾತ್ರಿ ಇಬ್ಬರೇ.

ನಮ್ಮದು ಮದ್ದೂರಿನ ಕಡೆ. ಅಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟ ಮುಗಿದ ಮೇಲೆ ಇಸ್ಪೀಟು ಹಾಕಲೇಬೇಕು. ಹೆಂಗಸರು, ಮಕ್ಕಳು ಎಲ್ಲರೂ ಕೂರುತ್ತಿದ್ದೆವು. ಆ ದಿನ ಏನಾಗುತ್ತದೋ ವರ್ಷವೆಲ್ಲ ಅದೇ ಆಗುತ್ತದೆ ಎಂಬ ನಂಬಿಕೆ. ಅದಕ್ಕೇ ನಮ್ಮಜ್ಜಿ ಎಂಟಾಣೆಯನ್ನಾದರೂ ಗೆಲ್ಲದೆ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಸೊಂಟ ಹಿಡಿದುಕೊಂಡರೂ ಸರಿಯೇ! ಆ ಹಟ ನನಗೂ ಅಂಟಿದೆ.

ನಾವಿದ್ದ ಕಡೆ ಕ್ಯಾಸಿನೊ ಇಲ್ಲ. ರೆಡ್ ರಿವರ್ ಸೇತುವೆ ದಾಟಿ ಒಕ್ಲಹೋಮಕ್ಕೆ ಹೋಗಬೇಕು, ಒಂದು ಗಂಟೆಯ ಮೇಲಿನ ಡ್ರೈವ್. ಮಗಳನ್ನು ಸ್ಕೂಲಿಗೆ ಬಿಟ್ಟು ಹಾಗೇ ಹೊರಟೆ. ನಾನೇನು ಪೆದ್ದಿಯಲ್ಲ, ಲೆಕ್ಕಾಚಾರ ಮಾಡಿಕೊಂಡೇ ಹೋಗಿದ್ದೆ. ಕವರಿನಲ್ಲಿ ನೂರು ಡಾಲರ್, ಅದು ಸಿನಿಮಾ ಟಿಕೆಟ್ ಇದ್ದ ಹಾಗೆ, ವಾಪಸ್ ಬರುವುದಿಲ್ಲ. ದುಡ್ಡು ಹಾಕಿ ಗುಂಡಿ ಒತ್ತಿದರೆ ಪರದೆಯಲ್ಲಿ ಚಿತ್ರ ತಿರುಗುವ ಜೂಜಿನ ಮಿಷಿನ್, ಅದರಲ್ಲೂ ಎಲ್ಲಕ್ಕಿಂತ ಸಣ್ಣ ಬಾಜಿ ಹಿಡಿಯುವಂಥದ್ದು. ನಿಧಾನಕ್ಕೆ ಆಡುವುದು, ಬಿಟ್ಟಿ ಕಾಫಿ ಕುಡಿಯುವುದು, ಒಂದು ಗಂಟೆಗೆ ಎದ್ದು ಬರುವುದು. ಮೂರಕ್ಕೆ ಸ್ಕೂಲ್ ಬಿಡುತ್ತದೆ. ಗಂಡ ಫೋನ್ ಮಾಡಿ 'ಎಲ್ಲಿದ್ದೀಯ' ಎಂದರೆ ಏನು ಹೇಳುವುದು? ಅದಕ್ಕೆ ಫೋನನ್ನು ಕಾರಿನಲ್ಲೇ ಬಿಟ್ಟೆ. ಅದೊಂದೇ ನಾನು ಮಾಡಿದ ಪೆದ್ದುತನ ಎಂದು ಬಹಳ ದಿನ ಅಂದುಕೊಂಡಿದ್ದೆ.

ಒಳಗೆ ಕಿಟಕಿ ಇಲ್ಲ, ಗಡಿಯಾರವೂ ಇಲ್ಲ. ನೂರು ಡಾಲರ್ ಬಹಳ ಹೊತ್ತು ಬಂತು, ಆಮೇಲೆ ಕರಗಿತು. ಅಲ್ಲಿಗೆ ಏಳಬೇಕಿತ್ತು. ಆದರೆ ಹೊಸತೊಡಕಿನ ದಿನ ಸೋತು ಏಳುವುದೇ? ಎಟಿಎಮ್‌ನಿಂದ ಇನ್ನೂ ಇನ್ನೂರು ತೆಗೆದೆ. ಬಾಜಿಯನ್ನೂ ಏರಿಸಿದೆ.

"ಥೂ, ಹಾಳಾದ್ದೇ!" ಎಂದು ಮಿಷಿನ್ನಿಗೆ ಬೈದೆ.

"ಬೈಬೇಡ ಕಣಮ್ಮ, ಅದಕ್ಕೆ ಕೇಳ್ಸಲ್ಲ" ಎಂದಿತು ಪಕ್ಕದ ದನಿ.

ತಟ್ಟನೆ ತಿರುಗಿದೆ. ಪಕ್ಕದ ಮಿಷಿನ್ನಿನ ಮುಂದೆ ಅರವತ್ತು ದಾಟಿದ ಹೆಂಗಸು. ರೇಷ್ಮೆ ಸೀರೆ, ಮೇಲೆ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ಮಿಷಿನ್ನಿಗೆ ಸಿಕ್ಕಿಸಿದ್ದ ಅವರ ಕ್ಯಾಸಿನೊ ಕಾರ್ಡಿನಿಂದ ಒಂದು ಸುರುಳಿ ದಾರ ಬಂದು ಸೆರಗಿನ ಪಿನ್ನಿಗೆ ಕಟ್ಟಿತ್ತು. ಕಣ್ಣು ಪರದೆ ಬಿಟ್ಟು ಆಚೀಚೆ ಆಡಲಿಲ್ಲ.

"ಆಂಟಿ, ನೀವು ಕನ್ನಡದವರಾ! ಒಬ್ಬರೇ ಬಂದಿದ್ದೀರಾ?"

"ನಮ್ಮೋರು ಕಾರಲ್ಲಿ ಕೂತವ್ರೆ. ಐದು ನಿಮಿಷ ಅಂತ ಹೇಳಿ ಬಂದೆ. ಹೊಸತೊಡಕಲ್ವಾ, ಒಂದು ಆಟ ಗೆದ್ದು ಎದ್ದೇಳೋಣ ಅಂತ."

ನನಗೆ ಖುಷಿಯೋ ಖುಷಿ. "ನಾನೂ ಅದಕ್ಕೇ ಬಂದಿದ್ದು ಆಂಟಿ! ಸಂವತ್ಸರದ ಹೆಸರೇ ಜಯ. ಗೆಲ್ಲದೆ ಇರ್ತೀವಾ?"

ಅವರ ಕೈ ಗುಂಡಿಯ ಮೇಲೇ ನಿಂತಿತು. "ಜಯ ಎಲ್ಲಿ ಬಂತು? ನಿನ್ನೆ ಹುಟ್ಟಿದ್ದು ವಿಜಯ ಸಂವತ್ಸರ."

"ಇಲ್ಲ ಆಂಟಿ, ವಿಜಯ ಹೋದ ವರ್ಷದ್ದು. ಮುಗೀತಲ್ಲ."

"ಮುಗೀತಾ?" ಎಂದರು ಮೆಲ್ಲಗೆ. ಮತ್ತೆ ಗುಂಡಿ ಒತ್ತಿದರು. "ಐದೇ ನಿಮಿಷ ಅಂದಿದ್ದೆ."

ಕಾಫಿ ತಂದುಕೊಡುವ ಹುಡುಗಿ ಹಾದುಹೋಗುತ್ತಿದ್ದಳು. ಅವಳನ್ನು ಹಿಡಿದು ನಿಲ್ಲಿಸಿ ಟೈಮ್ ಕೇಳಿದೆ. ಎರಡು ಗಂಟೆ ಇಪ್ಪತ್ತು ನಿಮಿಷ! ಅಯ್ಯೋ ದೇವರೇ, ನನ್ನ ಮಗು! ಮಿಷಿನ್ನಿನಲ್ಲಿ ಇನ್ನೂ ಹದಿನೆಂಟು ಡಾಲರ್ ಇತ್ತು, ಹಾಗೇ ಬಿಟ್ಟು ಎದ್ದೆ.

"ಸೋತು ಏಳ್ತೀಯಾ? ಹೊಸತೊಡಕಿನ ದಿನ?" ಎಂದರು ಅವರು. ನಮ್ಮಜ್ಜಿಯೇ ಕೇಳಿದಂತಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಮತ್ತೆ ಕೂರೋಣ ಅನ್ನಿಸಿತು.

"ನೀವೂ ಏಳಿ ಆಂಟಿ, ಬನ್ನಿ" ಎಂದು ಮಿಷಿನ್ನಿನಿಂದ ಅವರ ಕಾರ್ಡ್ ಕಿತ್ತೆ. ಅವರು ಕಣ್ಣೆತ್ತದೆ ಅದನ್ನು ಮತ್ತೆ ಸಿಕ್ಕಿಸಿದರು.

"ಬಾಗಿಲ ಹತ್ರಾನೇ ಕೆಂಪು ಕಾರು. ಮುಂದೆ ಗಣಪತಿ ಅದೆ. ಬಂದೆ ಅಂತ ಹೇಳ್ಬಿಡು ಅವರಿಗೆ."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕೆಂಪು ಕಾರು ಇತ್ತು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿಯೂ ಇತ್ತು. ಕಾರಿನ ತುಂಬ ಹಳದಿ ಧೂಳು. ಎರಡು ಟೈರ್ ನೆಲಕ್ಕೆ ಕೂತಿದ್ದವು. ಗಾಜು ಒರೆಸಿ ಇಣುಕಿದೆ. ಒಳಗೆ ಯಾರೂ ಇರಲಿಲ್ಲ. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿತ್ತು, ಪಕ್ಕದಲ್ಲಿ ಸ್ಟೀಲ್ ಡಬ್ಬಿ. ಆ ಖಾಲಿ ಸೀಟಿಗೆ ಬೆಲ್ಟ್ ಹಾಕಿತ್ತು.

ನನಗೇನಾಯಿತೋ ಗೊತ್ತಿಲ್ಲ. ಮುಚ್ಚಿದ ಗಾಜಿಗೆ, "ಅಂಕಲ್, ಆಂಟಿ ಬರ್ತಾರಂತೆ" ಎಂದು ಹೇಳಿ ಓಡಿದೆ. ಕಾರು ಹತ್ತಿದ ತಕ್ಷಣ ಸ್ಕೂಲಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ ಎಂದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಲಿಲ್ಲ.

ಮುಟ್ಟುವಾಗ ಮೂರೂ ಮುಕ್ಕಾಲು. ಸ್ಕೂಲ್ ಆಫೀಸಿನ ಬೆಂಚಿನ ಮೇಲೆ ಧಾತ್ರಿ ಒಬ್ಬಳೇ ಕೂತಿದ್ದಳು. ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಇದ್ದಳು, ಪಟ್ಟಿ ಎರಡೂ ಭುಜದ ಮೇಲೆ ಬಿಗಿಯಾಗಿದ್ದವು.

"ಬ್ಯಾಗ್ ತೆಗೆದಿಡಬಾರದಾ ಪುಟ್ಟಿ?"

"ಮಿಸ್ ಸೆಡ್ ಫೈವ್ ಮಿನಿಟ್ಸ್, ಅಮ್ಮ."

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸಂಜೆ ಕ್ಯಾಸಿನೊಗೆ ಫೋನ್ ಮಾಡಿ ಆ ಹೆಂಗಸಿನ ಬಗ್ಗೆ, ಕಾರಿನ ಬಗ್ಗೆ ಹೇಳಿದೆ. ನೋಡುತ್ತೇವೆ ಎಂದರು. ಆಮೇಲೆ ಗಂಡನಿಗೂ ಎಲ್ಲ ಒಪ್ಪಿಸಿದೆ. ಅವರು, "ದುಡ್ಡು ಹೋಯ್ತು ಬಿಡು. ಅದನ್ನ ತರೋಕೆ ಅಂತ ಇನ್ನೊಂದು ಸಲ ಹೋಗ್ಬೇಡ" ಎಂದರು. ಮತ್ತೆ ಹೋಗಲಿಲ್ಲ. ಆ ಆಂಟಿ ಯಾರು, ಅಂಕಲ್ ಏನಾದರು, ಇವತ್ತಿಗೂ ಗೊತ್ತಿಲ್ಲ.

ಈಗ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿದ್ದೇವೆ. ಹೊಸತೊಡಕಿಗೆ ಈಗಲೂ ಇಸ್ಪೀಟು ಹಾಕುತ್ತೇವೆ, ದುಡ್ಡಿನ ಬದಲು ಗೋಡಂಬಿ ಕಟ್ಟಿ. ಮಗಳು ಗೆದ್ದು ಕುಣಿಯುತ್ತಾಳೆ, "ಒನ್ ಮೋರ್ ಗೇಮ್, ಅಮ್ಮ! ಜಸ್ಟ್ ಫೈವ್ ಮಿನಿಟ್ಸ್!" ಎನ್ನುತ್ತಾಳೆ. ನಾನು ಏಳುತ್ತೇನೆ. ಆ ದಿನ ಮಾಡಿದ್ದೇ ವರ್ಷವೆಲ್ಲ ಎಂಬುದನ್ನು ನಾನಿನ್ನೂ ನಂಬುತ್ತೇನೆ. ನನಗೆ ವರ್ಷವೆಲ್ಲ ಬೇಕಾದ್ದು ಗೆಲ್ಲುವುದಲ್ಲ, ಏಳುವುದು. ಅದಕ್ಕೇ ಪ್ರತಿ ಹೊಸತೊಡಕಿಗೂ ಸೋತೇ ಏಳುತ್ತೇನೆ.