ಧೂಳು ಎಂದು ನಾನು ಹೇಳಿದ್ದು

ಗ್ರೇಸಿ, ಅದು ಧೂಳಾಗಿರಲಿಲ್ಲ. ಮರುದಿನವೇ ನನಗೆ ಗೊತ್ತಾಗಿತ್ತು. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಆ ಮಧ್ಯಾಹ್ನ ನಿನಗೆ ನೆನಪಿರಬಹುದು — ಎಂ.ಎಸ್ಸಿ. ಪ್ರಯೋಗ ತರಗತಿ, ಇಪ್ಪತ್ತೆಂಟು ಜನಕ್ಕೆ ಒಂದೇ ಸೂಕ್ಷ್ಮದರ್ಶಕ. ಗ್ರಾಫೈಟ್ ಚೂರನ್ನು ಟೇಪಿಗೆ ಒತ್ತಿ, ಮಡಚಿ, ಕಿತ್ತು, ಮತ್ತೆ ಮಡಚಿ ಕಿತ್ತು, ಕೊನೆಗೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿದರೆ ಒಂದೇ ಪರಮಾಣುವಿನಷ್ಟು ತೆಳುವಾದ ಪದರ — ಗ್ರಾಫೀನ್ — ಸಿಗಬಹುದು. ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದೆ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ. ನಿಜ ಹೇಳಲೇ? ಸಿಗುತ್ತದೆಂಬ ನಂಬಿಕೆ ನನಗೇ ಇರಲಿಲ್ಲ. ನನ್ನ ಕೈಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ನೀನು ಸೂಕ್ಷ್ಮದರ್ಶಕ ಬಿಟ್ಟು ಏಳಲೇ ಇಲ್ಲ. ಹಿಂದಿನ ಸಾಲು ಗೊಣಗುತ್ತಿತ್ತು, ನನಗೂ ಸಾಕಾಗಿತ್ತು. ಬಂದು ಇಣುಕಿದೆ — ಬಿಲ್ಲೆಯ ನೇರಳೆ ಬಣ್ಣದ ಮೇಲೆ ಒಂದು ಮಾಸಲು ತುಣುಕು.

"ಧೂಳು ಕಣಮ್ಮ ಅದು. ಏಳು, ಬೇರೆಯವ್ರು ನೋಡ್ಲಿ."

"ಧೂಳಾದ್ರೆ ಹಿಂಗೆ ಒಂದೇ ಸಮ ಇರಲ್ಲ ಮೇಡಂ..."

"ನನಗೇ ಪಾಠ ಹೇಳ್ತೀಯಾ? ಪದರ ಕಂಡುಬಂದಿಲ್ಲ ಅಂತ ರೆಕಾರ್ಡಲ್ಲಿ ಬರಿ."

ಎಲ್ಲರೂ ನಕ್ಕರು. ನೀನು ಬರೆದೆ, ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಿದೆ. ಹೋಗುವಾಗ ನೀನು ಮೆಲ್ಲಗೆ ಅಂದೆ, "ನನ್ ಕಣ್ಣೇ ಸರಿಯಿಲ್ವೇನೋ, ಬುಡಿ ಮೇಡಂ."

ಮರುದಿನ ಬಿಲ್ಲೆಗಳನ್ನು ತೊಳೆಯುವ ಮುನ್ನ — ಯಾಕೋ ಮನಸ್ಸು ತಡೆಯಲಿಲ್ಲ — ನಿನ್ನದನ್ನು ಗೆಳತಿಯ ದೊಡ್ಡ ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿಸಿದೆ. ಸಂಜೆಗೆ ಉತ್ತರ ಬಂತು: ಒಂದೇ ಪದರ. ನಿನ್ನನ್ನು ಕರೆದು ಹೇಳಬಹುದಿತ್ತು. ಆದರೆ ಆ ನಕ್ಕವರೆಲ್ಲರ ಎದುರು ನಾನು... ಇಲ್ಲ, ಹೇಳಲಿಲ್ಲ. ಅದನ್ನೊಂದು ಪುಟ್ಟ ಡಬ್ಬಿಯಲ್ಲಿಟ್ಟು, ಮುಂದಿನ ಪ್ರತಿ ಬ್ಯಾಚಿಗೂ ನಾನೇ ಮಾಡಿದ್ದೆಂದು ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ. ನೀನು ಮುಂದಿನ ತಿಂಗಳು ಓದು ಬಿಟ್ಟೆ. ಈಗ ಮಂಡಿ ಮೊಹಲ್ಲಾದಲ್ಲಿ ನಿನ್ನ ಮಾವನ ಅಂಗಡಿ ನೋಡಿಕೊಳ್ಳುತ್ತೀಯಂತೆ. ಓದು ಬಿಟ್ಟಿದ್ದಕ್ಕೆ ನಾನೇ ಕಾರಣವೋ ಏನೋ — ಕೇಳುವ ಧೈರ್ಯ ಬರಲಿಲ್ಲ.

ನಿನ್ನೆ ಡಬ್ಬಿ ತೋರಿಸುವಾಗ ಒಬ್ಬ ಹುಡುಗಿ ಕೇಳಿದಳು, "ಎಷ್ಟನೇ ಸಲಕ್ಕೆ ಸಿಕ್ತು ಮೇಡಂ ನಿಮ್ಗೆ?"

ಡಬ್ಬಿ ಮುಚ್ಚಿ ತರಗತಿ ಅಲ್ಲಿಗೇ ಮುಗಿಸಿಬಿಟ್ಟೆ. ಸುಸ್ತಾಗಿದ್ದೇನೆ ಗ್ರೇಸಿ, ಈ ಸುಳ್ಳನ್ನು ಹೊತ್ತು ಹೊತ್ತು.

ನೀನು ವಾಪಸ್ ಪಡೆಯದೆ ಹೋದ ರೆಕಾರ್ಡನ್ನು ಬೀರುವಿನಿಂದ ಹುಡುಕಿ ತೆಗೆದೆ. ನನ್ನ ಸಹಿಯನ್ನು ಹೊಡೆದುಹಾಕಿದೆ. ಸೋಮವಾರ ತರಗತಿಯಲ್ಲಿ ನಿನ್ನ ಹೆಸರು ಹೇಳುತ್ತೇನೆ. ಆಮೇಲೆ ಡಬ್ಬಿ ಹಿಡಿದು ಅಂಗಡಿಗೆ ಬರುತ್ತೇನೆ. ಅಂದು ಎಲ್ಲರೆದುರು ಅವಮಾನ ಮಾಡಿದವಳು ನಾನು. ಗಿರಾಕಿಗಳ ಎದುರೇ ಹೇಳುತ್ತೇನೆ — ನಿನ್ನ ಕಣ್ಣು ಸರಿಯಾಗಿತ್ತು.